ಮಡಚದ ಕಾಲು

ಎಪ್ಪತ್ತು ದಾಟಿದ ಕಾಶೆವ್ವನನ್ನು ಕೆಡವಿದ್ದು ಅವಳೇ ಸಾಕಿದ ಎಮ್ಮೆ. ಹಾಳಾದ್ದು, ನೊಣ ಓಡಿಸಲೆಂದು ಒಮ್ಮೆ ಮೈ ತಿರುಗಿಸಿತು, ಅಷ್ಟೇ. ಮುದುಕಿ ಕೊಟ್ಟಿಗೆಯ ಹಾಸುಗಲ್ಲಿನ ಮೇಲೆ ಬಿದ್ದಳು, ಸೊಂಟದ ಕೀಲು ಮುರಿಯಿತು. ಆಗ ಮಸಗುಪ್ಪಿಗೆ ಮೋಟಾರು ಎಲ್ಲಿ ಬರುತ್ತಿತ್ತು? ಮಗ ರಾಚಪ್ಪ ಚಕ್ಕಡಿಯಲ್ಲಿ ಹುಲ್ಲು ಹಾಸಿ ಗೋಕಾಕಕ್ಕೆ ಕರೆದೊಯ್ದ. ಗಾಲಿ ಎದ್ದು ಬಿದ್ದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು.

ಡಾಕ್ಟರು ಎದೆಯ ಕೆಳಗಿನಿಂದ ಕಾಲ್ಬೆರಳಿನ ತನಕ ಗೋಡೆಗೆ ಗಚ್ಚು ಮೆತ್ತಿದಂತೆ ಪ್ಲಾಸ್ಟರ್ ಹಾಕಿದರು. "ಮೂರು ತಿಂಗಳು ಕಾಲು ಮಡಚಬಾರದು ನೋಡ್ರಿ. ಅದಕ್ಕ ಮೊದಲ ಪ್ಲಾಸ್ಟರ್ ಬಿಚ್ಚಿದ್ರ ಮುದುಕಿ ಮತ್ತ ನಡಿಯೂದಿಲ್ಲ" ಎಂದರು. ಅವ್ವ ನಡೆಯಬೇಕು, ರಾಚಪ್ಪನಿಗೆ ಬೇರೇನೂ ಬೇಕಿರಲಿಲ್ಲ.

ಕಾಶೆವ್ವನ ಚಿಂತೆಯೇ ಬೇರೆ. ಲಿಂಗ ಕಟ್ಟಿಕೊಂಡವರನ್ನು ಮಣ್ಣಿಗಿಡುವಾಗ ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕುಳಿತಂತೆಯೇ ಮುಚ್ಚುತ್ತಾರೆ.

"ಯಪ್ಪಾ, ಹಿಂಗ ಸತ್ತರ ನನ್ನ ಹೆಂಗ ಕೂಡಸ್ತೀರಿ? ಒನಕಿ ನಿಲ್ಲಿಸಿದಂಗ ನಿಲ್ಲಸ್ತೀರೇನು?" ಎಂದು ಮಗನನ್ನು ಕೇಳಿದಳು.

ಮೊದಮೊದಲು ಮನೆಯವರೆಲ್ಲ ನಕ್ಕರು. ಒಂಬತ್ತನೆಯ ವಾರ ಜ್ವರ ಬಂತು, ಬೆನ್ನಲ್ಲಿ ಹುಣ್ಣಾಯಿತು, ಎದೆಯಲ್ಲಿ ಕಫ ಗೊರಗೊರ ಎನ್ನತೊಡಗಿತು. ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿ, ಮುಖ ಸಣ್ಣದು ಮಾಡಿಕೊಂಡು ಹೊರಗೆ ಕೂತರು. ಇನ್ನು ನಗು ಎಲ್ಲಿಂದ ಬರಬೇಕು?

ಕಾಶೆವ್ವ ಮಗನ ಅಂಗಿ ಹಿಡಿದಳು. "ರಾಚಾ, ಕಾಲು ಮಡಚತೈತಿ ಅನ್ನೂದು ನೋಡಿ ಸಾಯಬೇಕೋ."

"ಇನ್ನ ಮೂರು ವಾರ ತಡಿಯವ್ವಾ, ನಿನ್ನ ಕಾಲು ಬೀಳ್ತೇನಿ."

"ನನಗ ಮೂರು ತಾಸೂ ಇಲ್ಲ."

ರಾಚಪ್ಪ ಒಲೆಯ ಮೇಲೆ ನೀರಿಟ್ಟ. ಬಿಸಿನೀರು ಸುರಿದು, ಕುಡುಗೋಲಿನಿಂದ ಪ್ಲಾಸ್ಟರ್ ಕೊಯ್ದ. ಒಳಗಿನ ಕಾಲು ಒಣಗಿ ಕಡ್ಡಿಯಾಗಿತ್ತು. ಹೆಂಡತಿ ಪಾರವ್ವ ಅತ್ತೆಯನ್ನು ಎಬ್ಬಿಸಿ ಹಿಂದಿನಿಂದ ಹಿಡಿದುಕೊಂಡಳು. ರಾಚಪ್ಪ ಕಣ್ಣುಮುಚ್ಚಿ ಕಾಲು ಮಡಚಿದ. ಸೊಂಟದಲ್ಲಿ ಲಟಕ್ಕೆಂದಿತು. ಅವಳು ಕೂಗಿದ ಕೂಗಿಗೆ ಓಣಿಯೇ ಬಾಗಿಲಿಗೆ ಬಂತು. ಆಮೇಲೆ ಮಡಚಿದ ಮೊಣಕಾಲನ್ನು ಸವರಿ ನೋಡಿ, "ಬಂಗಾರದಂಥಾ ಮಗ" ಎಂದಳು.

ಕುಣಿ ತೋಡಲು ಜನ ಸಲಿಕೆ ತಂದರು. ಆದರೆ ಎದ್ದು ಕುಳಿತದ್ದೇ ಅವಳ ಎದೆಯ ಕಫ ಕಿತ್ತು ಬಂತು. ಮೂರನೆಯ ದಿನ ಜ್ವರ ಬಿಟ್ಟಿತು, ಐದನೆಯ ದಿನ ನುಚ್ಚು ಬೇಡಿ ಉಂಡಳು.

ಶಿವನೇ, ಸಾಯಲಿಲ್ಲ! ಮತ್ತೆ ಆರು ವರ್ಷ ಬದುಕಿದಳು, ನೆಲದ ಮೇಲೆ ತೆವಳುತ್ತ. ಹಿತ್ತಲಿಗೂ ಪಾರವ್ವನೇ ಹೊತ್ತೊಯ್ಯಬೇಕು. ಬಂದವರ ಮುಂದೆಲ್ಲ, "ನನ್ನ ಮಗ ಕೈಯಾರೆ ಕಾಲು ಮಡಚಿ ಕೊಟ್ಟಾನ್ರಿ" ಎಂದು ಹೊಗಳುವಳು. ಕೇಳಿದಾಗಲೆಲ್ಲ ರಾಚಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಒಂದು ದಿನ ತಡೆಯಲಾರದೆ ಅವಳ ಮುಂದೆ ಕುಸಿದ.

"ಯವ್ವಾ, ನಿನ್ನ ಕುಂಟಿ ಮಾಡಿದವ ನಾನ. ಒಮ್ಮಿಯರ ಬೈಯವ್ವಾ!"

ಕಾಶೆವ್ವ ಅವನ ತಲೆಯ ಮೇಲೆ ಕೈಯಿಟ್ಟಳು.

"ಬೈಯಾಕ ನನಗೂ ಬರತೈತೋ ಯಪ್ಪಾ," ಎಂದಳು, "ಬೈದರ ನೀ ಉಳಿಯೂದಿಲ್ಲಂತ ಹೊಗಳಾಕತ್ತೇನಿ."