ಪಂಪು ನಿಲ್ಲಿಸಿದವನು

ಹಾಸಿಗೆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಬೆಂಕಿ ಆರಿಸುವ ನೀರಿನ ಪಂಪು ನೋಡಿಕೊಳ್ಳುವುದು ಅವನ ಕೆಲಸ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಪಾಯದ ಗಂಟೆ ಬಾರಿಸಿ, ನೂರ ನಲವತ್ತು ಜನರನ್ನೂ ಹೊರಗಿನ ಬಯಲಿಗೆ ನಡೆಸಿ, ತಲೆ ಎಣಿಸಿ, ಮತ್ತೆ ಒಳಗೆ ಕಳಿಸುತ್ತಿದ್ದ. ಬಿಸಿಲಲ್ಲಿ ನಿಲ್ಲುವುದು ಯಾರಿಗೂ ಬೇಕಿರಲಿಲ್ಲ. "ಕುರಿ ಕಾಯೋ ಆಸೆ ಇತ್ತು ಇವನಿಗೆ, ನಾವು ಸಿಕ್ಕಿದ್ವಿ," ಎಂದು ಹೊಲಿಗೆ ವಿಭಾಗದ ಹೆಂಗಸರು ನಗುತ್ತಿದ್ದರು. ಆ ನಗುವಿನಲ್ಲಿ ಎಲ್ಲಕ್ಕಿಂತ ಜೋರು ಅವನ ತಂಗಿಯದೇ. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲೇ ಇದ್ದಳು. ಹದಿನೇಳು ವರ್ಷದಿಂದ ಹಾಸಿಗೆಗಳ ಅಂಚು ಹೊಲಿಯುತ್ತಿದ್ದಳು.

ಗೋದಾಮಿನ ಮಾಡಿನ ಕೆಳಗೆ ಉದ್ದಕ್ಕೂ ಕೆಂಪು ಕೊಳವೆಗಳಿದ್ದವು. ಅವುಗಳಲ್ಲಿ ಎರಡೆರಡು ಮಾರಿಗೊಂದರಂತೆ ಸ್ಪ್ರಿಂಕ್ಲರುಗಳು; ಬಿಸಿ ತಾಗಿದರೆ ಅವುಗಳ ಪುಟ್ಟ ಗಾಜು ಒಡೆದು ನೀರು ಸುರಿಯುತ್ತದೆ. ಅವನ್ನು ಹಾಕಿದ ಕಾಲಕ್ಕೆ ಕಾರ್ಖಾನೆ ಹತ್ತಿಯ ಹಾಸಿಗೆ ಮಾಡುತ್ತಿತ್ತು, ಆಳೆತ್ತರಕ್ಕಿಂತ ಮೇಲೆ ಪೇರಿಸುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಫೋಮು ಬಂತು. ಅದರ ಹಿಂದೆಯೇ ಕಬ್ಬಿಣದ ಅಟ್ಟಣಿಗೆಗಳು ಬಂದವು. ಹಾಸಿಗೆಗಳ ರಾಶಿ ಮಾಡಿನವರೆಗೂ ಏರಿತು.

ಗಂಟೆಯಣ್ಣ ಓದಿದ್ದು ಎಂಟನೇ ತರಗತಿ. ಲೆಕ್ಕ ಹಾಕಿ ಹೇಳುವಷ್ಟು ವಿದ್ಯೆ ಇಲ್ಲದಿದ್ದರೂ ಮನಸ್ಸಿಗೆ ಏನೋ ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಪಂಪಿನ ಕೋಣೆಯ ಹಿಂದೆ ಅಂಗೈ ಅಗಲದ ಫೋಮಿನ ತುಂಡಿಗೆ ಕಡ್ಡಿ ಗೀರಿದ. ಅದು ಸೀಮೆಎಣ್ಣೆ ಸುರಿದಂತೆ ಭಗ್ಗೆಂದಿತು. ಒಂದು ಚೊಂಬು ನೀರು ಚಿಮುಕಿಸಿದರೂ ಕರಗಿ ತೊಟ್ಟಿಕ್ಕುತ್ತಾ ಉರಿಯುತ್ತಲೇ ಇತ್ತು. ಅವನು ಆ ಕರಿಯ ಅಂಟನ್ನು ಒಂದು ತಗಡಿನ ಮೇಲೆ ಇಟ್ಟುಕೊಂಡು ನೇರ ಮ್ಯಾನೇಜರ ಹತ್ತಿರ ಹೋದ.

"ಸಾರ್, ಆ ಕೊಳವೆಗಳು ಹತ್ತಿ ನೋಡಿ ಹಾಕಿದ್ದು. ಈ ಮಾಲಿಗೆ ಅಷ್ಟು ನೀರು ಸಾಲಲ್ಲ."

"ಕೆಳಗೆ ಹತ್ತಿ ಇದೆಯೋ ಫೋಮ್ ಇದೆಯೋ ಕೊಳವೆಗೇನು ಗೊತ್ತು ಮಾರಾಯ? ಬಿಸಿಯಾದ್ರೆ ನೀರು ಬಿಡುತ್ತೆ, ಅಷ್ಟೇ."

"ಬಿಡುತ್ತೆ ಸಾರ್. ಸಾಲಲ್ಲ ಅಂತಿದೀನಿ."

ಮ್ಯಾನೇಜರು ಕೆಟ್ಟವರಲ್ಲ. ತಗಡನ್ನು ಹತ್ತಿರ ಎಳೆದುಕೊಂಡು ನೋಡಿದರು, ಮೇಲಿನವರಿಗೆ ಪತ್ರವನ್ನೂ ಬರೆದರು. ಮುಂದಿನ ವರ್ಷದ ಯೋಜನೆಯಲ್ಲಿ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಮುಂದಿನ ವರ್ಷವೂ ಅದೇ ಉತ್ತರ ಬಂತು. ಮೂರನೆಯ ಸಲ ಹೋದಾಗ ಅವರು ತಲೆ ಎತ್ತದೆ, "ನನ್ನ ಕೈಲಾದ್ದು ಮಾಡಿದೆ. ನೀನು ಪಂಪು ಸರಿಯಾಗಿಟ್ಟುಕೋ," ಎಂದರು. ಅವನು ಇಟ್ಟುಕೊಂಡ. ಪಂಪಿನ ಕೋಣೆಯ ನೆಲದ ಮೇಲೆ ಒಂದು ತೊಟ್ಟು ಎಣ್ಣೆ ಕಾಣುತ್ತಿರಲಿಲ್ಲ.

ಬೆಂಕಿ ಹತ್ತಿದ್ದು ಒಂದು ಗುರುವಾರ, ಊಟದ ಹೊತ್ತು ಮುಗಿದ ಮೇಲೆ. ಮಾಲು ಎತ್ತುವ ಗಾಡಿಯ ಬ್ಯಾಟರಿಯನ್ನು ಗೋದಾಮಿನ ಮೂಲೆಯಲ್ಲಿ ಚಾರ್ಜಿಗೆ ಹಾಕಿದ್ದರು, ಅದು ಹೊಗೆಯಾಡಿ ಪಕ್ಕದ ರಾಶಿಗೆ ಕಿಡಿ ತಾಗಿತು. ಗಂಟೆ ಹೊಡೆದುಕೊಂಡಾಗ ಯಾರೂ ಓಡಲಿಲ್ಲ, ಕೂಗಲಿಲ್ಲ. ಅಭ್ಯಾಸಬಲದಿಂದ ಸಾಲಾಗಿ ನಡೆದು ಬಯಲಿಗೆ ಬಂದರು. ಹೊಲಿಗೆ ವಿಭಾಗದ ಮೇಸ್ತ್ರಿ ಎರಡು ಸಲ ಎಣಿಸಿದಳು. ನೂರ ನಲವತ್ತು. ಎಲ್ಲರೂ ಇದ್ದರು.

ಗಂಟೆಯಣ್ಣ ಪಂಪಿನ ಕೋಣೆಯಲ್ಲಿದ್ದ. ಡೀಸೆಲ್ ಎಂಜಿನ್ನು ತಾನಾಗಿಯೇ ಗುಡುಗಿ ಎದ್ದಿತು. ಒತ್ತಡದ ಮುಳ್ಳು ಎಲ್ಲಿರಬೇಕೋ ಅಲ್ಲಿ ಬಂದು ನಿಂತಿತು. ಹತ್ತೊಂಬತ್ತು ವರ್ಷ ಯಾವುದಕ್ಕಾಗಿ ಕಾದಿದ್ದನೋ ಅದು ನಡೆಯುತ್ತಿತ್ತು. ಅವನ ಎದೆ ಒಂದು ಕ್ಷಣ ತುಂಬಿ ಬಂತು.

ಬಾಗಿಲಿಗೆ ಬಂದು ನೋಡಿದ. ನೀರು ಬಿದ್ದ ಬೆಂಕಿಯ ಹೊಗೆ ಬೆಳ್ಳಗಾಗಬೇಕು. ಇದು ಕಪ್ಪಗೇ ಇತ್ತು, ಗಳಿಗೆ ಗಳಿಗೆಗೂ ದಟ್ಟವಾಗುತ್ತಿತ್ತು. ಮಾಡಿನಿಂದ ಸುರಿಯುತ್ತಿದ್ದ ನೀರು ಅಟ್ಟಣಿಗೆಯ ಬುಡ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತಿತ್ತು. ಒಳಗೆ ಬಂದು ಮುಳ್ಳು ನೋಡಿದ. ಸರಿಯಾಗಿತ್ತು. ಮತ್ತೆ ಹೊರಗೆ ಹೋದ, ಮತ್ತೆ ಒಳಗೆ ಬಂದ. ಏನಾದರೂ ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು. ಯಾವುದೂ ಕೆಟ್ಟಿರಲಿಲ್ಲ.

ಅಗ್ನಿಶಾಮಕದ ಎರಡು ಗಾಡಿಗಳು ಬರುವಷ್ಟರಲ್ಲಿ ತೊಟ್ಟಿಯ ನೀರು ಅರ್ಧಕ್ಕಿಳಿದಿತ್ತು. ಸ್ವಲ್ಪ ಹೊತ್ತಿಗೆ ಗೋದಾಮಿನ ನಡುಭಾಗದ ಮಾಡು ಕುಸಿಯಿತು. ಕೊಳವೆಗಳು ಅದರ ಜೊತೆಗೇ ಹರಿದು ಬಿದ್ದವು. ಅಗ್ನಿಶಾಮಕ ಅಧಿಕಾರಿ ಪಂಪಿನ ಕೋಣೆಗೆ ಬಂದರು. ಮುಖವೆಲ್ಲ ಮಸಿಯಾಗಿತ್ತು.

"ಪಂಪು ನಿಲ್ಲಿಸಿ."

"ಸಾರ್, ಇನ್ನೂ ಉರೀತಿದೆ."

"ಗೊತ್ತು. ಕೊಳವೆ ಮುರಿದಿದೆ, ನಿಮ್ಮ ನೀರು ನೆಲಕ್ಕೆ ಹೋಗ್ತಿದೆ. ಆ ಕಡೆ ಅಂಟಿನ ಡ್ರಮ್ಮುಗಳ ಶೆಡ್ಡಿದೆ, ಕಿಡಿ ತಾಗಿದ್ರೆ ಸಿಡಿಯುತ್ತೆ. ಅದರ ಗೋಡೆ ಆಚೆಗೆ ಮನೆಗಳಿವೆ. ಈ ತೊಟ್ಟಿ ನೀರು ನಮಗೆ ಬೇಕು."

"ಹಾಗಾದ್ರೆ ಗೋದಾಮು?"

"ಗೋದಾಮು ಹೋಯ್ತು," ಎಂದರು ಅಧಿಕಾರಿ. ಮಾತು ಒರಟಾಗಿರಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, "ಬೇಗ," ಎಂದರು.

ಅವನು ಎಂಜಿನ್ನು ನಿಲ್ಲಿಸುವ ಹಿಡಿಕೆಯನ್ನು ಎಳೆದ. ಅಷ್ಟು ಹೊತ್ತು ಬಯಲನ್ನೆಲ್ಲ ತುಂಬಿದ್ದ ಗುಡುಗು ನಿಂತುಹೋಯಿತು. ಬಯಲಿನಲ್ಲಿ ನಿಂತಿದ್ದ ನೂರ ನಲವತ್ತು ಜನವೂ ಪಂಪಿನ ಕೋಣೆಯ ಕಡೆಗೆ ತಿರುಗಿದರು.

ಅಗ್ನಿಶಾಮಕದವರು ತೊಟ್ಟಿಗೆ ತಮ್ಮ ಕೊಳವೆ ಇಳಿಸಿದರು. ಅಂಟಿನ ಶೆಡ್ಡು ಉಳಿಯಿತು, ಮನೆಗಳಿಗೆ ಬಿಸಿಯೂ ತಟ್ಟಲಿಲ್ಲ. ಗೋದಾಮೂ ಅದಕ್ಕಂಟಿಕೊಂಡ ಹೊಲಿಗೆ ವಿಭಾಗವೂ ಸಂಜೆಯೊಳಗೆ ನೆಲಸಮವಾದವು.

ವಾರದೊಳಗೆ ಕಾರ್ಖಾನೆ ಮುಚ್ಚುವ ನೋಟೀಸು ಗೇಟಿಗೆ ಅಂಟಿತು. ಅದರ ಮುಂದೆ ಸೇರಿದ ಗುಂಪಿನಲ್ಲಿ ಮಾತು ಹುಟ್ಟಿತು. ಯಾರು ಮೊದಲು ಆಡಿದರೋ ತಿಳಿಯದು. ಗಂಟೆಯಣ್ಣ ಪಂಪು ನಿಲ್ಲಿಸಿದ. ಉರಿಯುತ್ತಿರುವಾಗಲೇ ನಿಲ್ಲಿಸಿದ. ಅದು ಸುಳ್ಳಾಗಿದ್ದರೆ ಅಲ್ಲಗಳೆಯಬಹುದಿತ್ತು.

ವಿಮೆ ಕಂಪನಿಯಿಂದ ತನಿಖೆಗೆ ಬಂದ ಹೆಂಗಸು ಎರಡು ದಿನ ಬೂದಿಯಲ್ಲಿ ಓಡಾಡಿದರು. ಅವನು ಪಂಪಿನ ತಪಾಸಣೆ ಬರೆದಿಟ್ಟಿದ್ದ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ನೋಡಿದರು.

"ನಿಮ್ಮ ಕೆಲಸದಲ್ಲಿ ಒಂದೂ ಕುಂದಿಲ್ಲ. ಪಂಪು ತನಗೆ ಹೇಳಿದ್ದನ್ನ ಮಾಡಿದೆ. ಈ ಮಾಲಿಗೆ ಅದರ ಎರಡರಷ್ಟು ನೀರು ಬೇಕಿತ್ತು."

"ನಿಲ್ಲಿಸಿದ್ದು ತಪ್ಪಾ ಮೇಡಂ?"

"ಅಲ್ಲವೇ ಅಲ್ಲ."

"ಈ ಮಾತನ್ನ ಗೇಟಿನ ಹತ್ತಿರ ಇರೋರಿಗೆ ಒಂದ್ಸಲ ಹೇಳ್ತೀರಾ?"

ಅವರು ಪೆನ್ನು ಮುಚ್ಚಿದರು. "ನನ್ನ ವರದಿ ವಿಮೆ ಕಂಪನಿಗೆ ಹೋಗುತ್ತೆ. ಹೊರಗಡೆ ಮಾತಾಡೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ."

ಆ ಸಂಜೆ ತಂಗಿ ಊಟಕ್ಕೆ ಬಡಿಸಿದಳು. ಅವಳು ಈವರೆಗೂ ಆ ವಿಷಯ ಎತ್ತಿರಲಿಲ್ಲ. ಅವನೇ ಎತ್ತಿದ.

"ನೀನೂ ಹಂಗೇ ಅಂದ್ಕೊಂಡಿದೀಯಾ ಪುಟ್ಟೀ?"

"ನೀನು ಬೇಕೂಂತ ಮಾಡ್ದೆ ಅಂತ ನಾನ್ಯಾಕೆ ಅನ್ಲಿ? ಅಂದೋರ ಜೊತೆ ಜಗಳ ಆಡಿ ಬಂದಿದೀನಿ."

"ಮತ್ತೆ?"

ಅವಳು ಸೌಟು ಹಿಡಿದುಕೊಂಡೇ ನಿಂತಳು. "ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ರೆ ನಮ್ಮ ಹೊಲಿಗೆ ಭಾಗ ಆದ್ರೂ ಉಳೀತಿತ್ತೇನೋ ಅಣ್ಣ."

ಅವನು ಕೊಳವೆ ಮುರಿದದ್ದನ್ನು ಹೇಳಿದ. ಆವಿಯಾದ ನೀರಿನ ವಿಷಯ, ಅಂಟಿನ ಡ್ರಮ್ಮುಗಳು, ಆ ಮನೆಗಳು, ಅಧಿಕಾರಿಯ ಮಾತು ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿದಳು, ನಡುವೆ ಹೂಂ ಎಂದಳು.

"ಗೊತ್ತಾಯ್ತು. ಆದ್ರೆ ಆ ಸದ್ದು ನಿಂತಿದ್ದು ನಾನೂ ಕೇಳ್ದೆ. ಅಲ್ಲೀವರೆಗೂ ನಮಗೆಲ್ಲ ಧೈರ್ಯ ಇತ್ತು," ಎಂದಳು.

 ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿ, ಬೆಳಿಗ್ಗೆ ಬೇಗ ಎಬ್ಬಿಸು, ಪರದೆ ಹೊಲಿಯುವ ಅಂಗಡಿಯಲ್ಲಿ ಜನ ಬೇಕಂತೆ, ಕೇಳಿ ನೋಡುತ್ತೇನೆ ಎಂದಳು. ಆಗಲಿ ಎಂದು ಅವನು ತಲೆಯಾಡಿಸಿದ.