‘ಏನಿಲ್ಲ’ ಅಂತ ಬರೆಸಿದ ಗುಡ್ಡ

ಗುಂಡಿನಹಟ್ಟಿಯ ಜನ ತಮ್ಮ ಗುಡ್ಡಕ್ಕಾಗಿ ಜಗಳ ಆಡಿದ್ದುಂಟು, ಅದರ ಮೇಲೆ ಆಣೆ ಇಟ್ಟದ್ದುಂಟು. ಆದರೆ ಅದರ ಬಗ್ಗೆ ಕಾಗದದಲ್ಲಿ ಏನು ಬರೆದಿದೆ ಎಂದು ಓದಿದ್ದು ಮಾತ್ರ ಅವತ್ತೇ ಮೊದಲು. ಪಂಚಾಯಿತಿಯ ಗೋಡೆಗೆ ಒಂದು ನೋಟಿಸು ಅಂಟಿಸಿದ್ದರು. ಊರ ಹಿಂದಿನ ಹಾಲಗುಂಡಿನ ಗುಡ್ಡದಲ್ಲಿ ಕಲ್ಲು ಕ್ವಾರಿ ಮಾಡಲು ಅರ್ಜಿ ಬಂದಿದೆ, ತಕರಾರು ಇದ್ದವರು ಗ್ರಾಮಸಭೆಗೆ ಬಂದು ಹೇಳಬಹುದು ಎಂದು ಅದರಲ್ಲಿತ್ತು.

ಕನಕಮ್ಮ ಕಾನಹೊಸಹಳ್ಳಿಯಲ್ಲಿ ಸೀತಾಫಲ ಮಾರಿ, ಬರಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದಾಗ ಗೋಡೆಯ ಮುಂದೆ ಜನ ಸೇರಿತ್ತು. ಅವಳ ಮಗ ಭೀಮೇಶ್ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್, ಅವತ್ತು ರಜೆ. ಅವನೇ ಎಲ್ಲರಿಗೂ ಓದಿ ಹೇಳುತ್ತಿದ್ದ.

“ಕಾಡುಪ್ರಾಣಿ: ಇಲ್ಲ. ನೀರಿನ ಸೆಲೆ: ಇಲ್ಲ. ಜನರಿಗೆ ಉಪಯೋಗ: ಇಲ್ಲ.”

“ಇನ್ನೊಮ್ಮಿ ಓದು,” ಅಂದಳು ಕನಕಮ್ಮ.

“ಎಷ್ಟು ಸಲ ಓದಿದ್ರೂ ಅಷ್ಟ ಐತಿ ಯವ್ವ. ಏನಿಲ್ಲ ಅಂತ ಬರದೈತಿ.”

ಕನಕಮ್ಮ ಕಂಕುಳಿನ ಬುಟ್ಟಿ ಕೆಳಗಿಟ್ಟಳು. ಏನಿಲ್ಲವಂತೆ! ಅವಳ ಬುಟ್ಟಿ ತುಂಬುವುದು ಆ ಗುಡ್ಡದಿಂದ. ಸೀತಾಫಲದ ಕಾಲ ಮುಗಿದರೆ ಬಾರಿ ಹಣ್ಣು, ಅದು ಮುಗಿದರೆ ಪೊರಕೆ ಹುಲ್ಲು. ಭೀಮೇಶ್ ಶಾಲೆ ಓದಿದ್ದು ಆ ಬುಟ್ಟಿಯಿಂದ. ಗುಡ್ಡ ಒಡೆದರೆ ಅವಳಿಗೆ ಉಳಿಯುವುದು ಬುಟ್ಟಿ ಒಂದೇ.

ಸಂಜೆ ಕನಕಮ್ಮನ ಮನೆ ಕಟ್ಟೆಯ ಮೇಲೆ ನಾಲ್ಕು ಮನೆಯವರು ಸೇರಿದರು. ಆ ನೋಟಿಸು ಬರೆದವನಿಗೆ ಎಲ್ಲರೂ ಬಾಯಿಗೆ ಬಂದಂತೆ ಬೈದರು. ಕನಕಮ್ಮನ ಗಂಡ ಗಾದಿಲಿಂಗಪ್ಪ ಎಲ್ಲರಿಗಿಂತ ಜೋರು. ಅವನು ಆಡು ಕಾಯುವವನು. ಅವನ ದನಿ ಗುಡ್ಡದ ಆಚೆಗೂ ಕೇಳುತ್ತದೆ.

“ಕುರ್ಚಿ ಮ್ಯಾಲ ಕುಂತು ಬರದಾರ. ಗುಡ್ಡ ಹತ್ತಿ ನೋಡ್ಯಾರೇನು ಒಬ್ಬರಾದ್ರೂ?”

ಅಷ್ಟರಲ್ಲಿ ಸಮತಾ ಬಂದಳು. ಪಕ್ಕದ ಮನೆಯ ಹುಡುಗಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಪಾಲಕಿ. ಊರಿನ ಜೀವವೈವಿಧ್ಯ ಸಮಿತಿಗೂ ಅವಳನ್ನು ಸೇರಿಸಿದ್ದರು. ಬೈಗುಳ ಮುಗಿದ ಮೇಲೆ ಅವಳು ಗಾದಿಲಿಂಗಪ್ಪನ ಕಡೆಗೆ ತಿರುಗಿದಳು.

“ದೊಡ್ಡಪ್ಪ, ಅವರು ಸುಳ್ಳು ಬರದಿಲ್ಲ. ನಾವು ಹೇಳಿದ್ದನ್ನ ಬರದಾರ.”

“ನಾವ್ಯಾವಾಗ ಹೇಳೀವಿ?”

“ಹೋದ ವರ್ಷ ಇಬ್ಬರು ಬಂದಿದ್ರಲ್ಲ, ಊರಿನ ಗಿಡ, ಪ್ರಾಣಿ, ನೀರು ಎಲ್ಲಾ ಕೇಳಿ ಬರ್ಕೊಳ್ಳಾಕ? ಅವರಾಗ ಒಬ್ಬಾಕಿ ಹುಡುಗಿ ಇದ ಕಟ್ಟಿ ಮ್ಯಾಲ ಕುಂತಿದ್ಲು. ಅದು ನಮ್ಮ ಪಂಚಾಯ್ತಿದ ದಾಖಲಾತಿ. ಕ್ವಾರಿ ಅರ್ಜಿ ಹಾಕಿದವರು ಅದನ್ನ ತೆಗೆದು ತೋರ್ಸಿದಾರ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಟ್ಟೆಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

ಆ ಹುಡುಗಿ ನೀರಿನ ಬಗ್ಗೆ ಕೇಳಿದಾಗ “ಏನಿಲ್ರಿ” ಅಂದವನು ಗಾದಿಲಿಂಗಪ್ಪನೇ. ಗುಡ್ಡದ ನೆತ್ತಿಯ ಬಂಡೆಯಲ್ಲಿ ಒಂದು ದೊಣೆ ಇದೆ. ಬೇಸಿಗೆಯಲ್ಲೂ ಅದರ ನೀರು ಬತ್ತುವುದಿಲ್ಲ. ಹೇಳಿದರೆ ಪೈಪು ಹಾಕಿ ಬೇರೆ ಊರಿಗೆ ಒಯ್ದಾರು ಎಂದು ಅವನಿಗೆ ಭಯ. ಮೇವಿನ ಬಗ್ಗೆ ಕೇಳಿದಾಗಲೂ “ಏನಿಲ್ರಿ” ಅಂದಿದ್ದ. ಹೇಳಿದರೆ ಬೇಲಿ ಹಾಕಿಯಾರು ಎಂದು ಭಯ.

ಇನ್ನು ಕಾಡುಪ್ರಾಣಿಯ ಪ್ರಶ್ನೆಗೆ ಉತ್ತರ ಕೊಟ್ಟವಳು ಕನಕಮ್ಮ. ದೀಪ ಹಚ್ಚುವ ಹೊತ್ತಾಗಿತ್ತು. ಆ ಹುಡುಗಿ ಎಲ್ಲರ ಮುಂದೆ ಗುಡ್ಡದ ಆ ಒಂದು ಪ್ರಾಣಿಯ ಹೆಸರು ಹಿಡಿದು, ಇದೆಯಾ ಎಂದು ಕೇಳಿಬಿಟ್ಟಳು. ಕನಕಮ್ಮ ಗಡಿಬಿಡಿಯಲ್ಲಿ “ಏನಿಲ್ಲವ್ವ, ಅಂಥಾವೇನಿಲ್ಲ” ಎಂದು ಮಾತು ಮುಗಿಸಿದ್ದಳು.

ಯಾಕೆಂದರೆ ಗುಂಡಿನಹಟ್ಟಿಯಲ್ಲಿ ಯಾರೂ ಅದರ ಹೆಸರು ಹಿಡಿಯುವುದಿಲ್ಲ. ಹೆಸರು ಹಿಡಿದರೆ ಕರೆದಂತೆ, ಕರೆದರೆ ಬಂದಂತೆ. ಮೈತುಂಬ ಕರಿ ಕಂಬಳಿ ಹೊದ್ದಂತೆ ಇರುತ್ತದಲ್ಲ, ಅದಕ್ಕೇ ‘ಕಂಬಳಿ ಅಜ್ಜ’ ಅನ್ನುತ್ತಾರೆ. ಕನಕಮ್ಮನ ಅಣ್ಣ ತಿಪ್ಪೇಶನ ಕೆನ್ನೆಯ ಮೇಲೆ ಇವತ್ತಿಗೂ ಅಜ್ಜನ ಉಗುರಿನ ಗುರುತಿದೆ. ಅದು ಪರಚಿದ ದಿನ ಬೆಳಿಗ್ಗೆ ಅವನು ತಮಾಷೆಗೆ ಅದರ ಹೆಸರು ಹಿಡಿದಿದ್ದ ಎಂದೇ ಮನೆಯವರೆಲ್ಲರ ನಂಬಿಕೆ.

“ಉಳಿಸ್ಬೇಕು ಅಂತ ಏನಿಲ್ಲ ಅಂದ್ವಿ,” ಅಂದಳು ಕನಕಮ್ಮ ಸಣ್ಣ ದನಿಯಲ್ಲಿ. “ಅದ ಈಗ ತಿರುಗಿ ಕಚ್ಚೈತಿ.”

“ತಿದ್ದಬಹುದು ದೊಡ್ಡಮ್ಮ,” ಅಂದಳು ಸಮತಾ. “ದಾಖಲಾತಿ ಒಮ್ಮಿ ಬರದು ಮುಚ್ಚಿಡಾದಲ್ಲ. ಹೊಸದು ಗೊತ್ತಾದಂಗೆಲ್ಲ ಸೇರ್ಸಬೇಕು, ತಪ್ಪಿದ್ರ ತಿದ್ದಬೇಕು. ಆದ್ರ ನೋಡಿದವರು ಹೇಳ್ಬೇಕು.”

ಗಾದಿಲಿಂಗಪ್ಪ ತಲೆ ಕೊಡವಿದ. “ಬ್ಯಾಡ. ಬಾಯಾಗ ಇದ್ದಿದ್ದು ನಮ್ಮದು, ಬರದಿದ್ದು ಊರಂದು. ನಮ್ಮ ಗುಟ್ಟು ಕೊಟ್ಟು ನಾವ ಕೋಡಂಗಿ ಆಗ್ಬೇಕೇನು? ನಾಳಿ ಬಂದು ಆಡು ಬಿಡಬ್ಯಾಡ ಅಂದ್ರ?”

“ಬರೆಸಿದ ಮಾತ್ರಕ್ಕ ಗುಡ್ಡದ ಹಕ್ಕು ಬದಲಾಗಂಗಿಲ್ಲ ದೊಡ್ಡಪ್ಪ. ನಿಮ್ಮ ಆಡು ಮೇಯೋದನ್ನೂ ಬರೆಸ್ರಿ. ಯಾವ ಕಾಲದಾಗ ಯಾವ ಕಡೆ ಮೇಯ್ತಾವ, ಯಾವ ಕಡೆ ಬಿಡಂಗಿಲ್ಲ, ಎಲ್ಲಾ ಬರೆಸ್ರಿ. ನಾಳಿ ಯಾರಾದ್ರೂ ಬಂದು, ಇವರು ಇಲ್ಲಿ ಎಂದೂ ಮೇಯ್ಸಿಲ್ಲ ಅಂದ್ರ, ತೋರ್ಸಾಕ ನಿಮ್ಮ ಹತ್ರ ಏನೈತಿ?”

ಗಾದಿಲಿಂಗಪ್ಪ ಬೀಡಿ ಹುಡುಕುವ ನೆವದಲ್ಲಿ ಒಳಗೆ ಹೋದ. ಅವನ ಹತ್ತಿರ ಉತ್ತರ ಇಲ್ಲದಾಗ ಬೀಡಿಯೂ ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ಕನಕಮ್ಮ, ಸಮತಾ, ಭೀಮೇಶ್ ಗುಡ್ಡ ಹತ್ತಿದರು. ಗಾದಿಲಿಂಗಪ್ಪ ಬರುವುದಿಲ್ಲ ಅಂದವನು, ಆಡು ಹೊಡೆದುಕೊಂಡು ಅದೇ ದಾರಿಯಲ್ಲಿ ಹಿಂದೆ ಬಂದ. ಕನಕಮ್ಮ ತೋರಿಸಿದಳು, ಸಮತಾ ಬರೆದಳು. ಒಡೆದ ಹುತ್ತ. ಜೇನಿನ ಆಸೆಗೆ ಮರದ ಮೇಲೆ ಎಳೆದ ಉಗುರಿನ ಗೀರು. ಸೀತಾಫಲದ ಬೀಜ ತುಂಬಿದ ಹಿಕ್ಕೆ. ಹಸಿ ಮಣ್ಣಿನಲ್ಲಿ ಹೆಜ್ಜೆ ಸಿಕ್ಕಾಗ, ಅಳತೆ ತಿಳಿಯಲಿ ಎಂದು ಸಮತಾ ಕನಕಮ್ಮನ ಬಳೆ ಬಿಚ್ಚಿಸಿ ಅದರಲ್ಲಿ ಇಟ್ಟು ಫೋಟೊ ತೆಗೆದಳು. ಹೆಜ್ಜೆಯೊಳಗೆ ಬಳೆ ಆರಾಮಾಗಿ ಕೂತಿತು.

“ಇದು ಯಾರ ಹೆಜ್ಜಿ ದೊಡ್ಡಮ್ಮ?”

“ಅಜ್ಜಂದು.”

“ಹಂಗ ಬರೆದ್ರ ಕಚೇರಿಯಾಗ ತಿಳಿಯಂಗಿಲ್ಲ. ಹೆಸರು ನೀನ ಹೇಳ್ಬೇಕು.”

ಕನಕಮ್ಮ ಬಳೆಯ ಮಣ್ಣು ಒರೆಸಿ ಕೈಗೆ ಹಾಕಿಕೊಂಡಳು. ಗುಡ್ಡದ ಮೇಲೆ ನಿಂತು ಆ ಹೆಸರು ಹಿಡಿಯುವುದೆಂದರೆ ಅವನ ಮನೆ ಬಾಗಿಲು ಬಡಿದಂತೆ. ಸಮತಾ ನಗಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟಳು.

“ಹೆಸರು ಹಿಡಿದ್ರ ಅದು ಬರ್ತತೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಹೆಸರು ಬರೀಲಿಲ್ಲ ಅಂದ್ರ ಅದು ಇಲ್ದಂಗ ಆಗ್ತತಿ. ಅದು ಮಾತ್ರ ಗೊತ್ತೈತಿ. ಇಲ್ಲಿ ಸಿಡಿಮದ್ದು ಇಟ್ರ ಅಜ್ಜ ಎಲ್ಲಿಗೆ ಹೋಗ್ಬೇಕು? ಕೆಳಗಿರೋದು ನಮ್ಮ ಊರು.”

ಅಜ್ಜನ ಗವಿಯ ಬಾಯಿ ದೂರದಿಂದ ಕಂಡಾಗ ಭೀಮೇಶ್ ಫೋನು ಎತ್ತಿದ. “ಇದನ್ನ ವಿಡಿಯೊ ಮಾಡಿ ಗ್ರೂಪಿಗೆ ಹಾಕ್ತೀನಿ. ಜಗತ್ತೆಲ್ಲ ನೋಡ್ಲಿ, ಏನೈತಿ ಅಂತ.”

ಕನಕಮ್ಮ ಅಂಗೈ ಚಾಚಿ ಫೋನಿನ ಕಣ್ಣು ಮುಚ್ಚಿದಳು. “ಚಿಕ್ಕಿ ಆಮಿದು ಮರತೇನು ಲೇ?”

ಭೀಮೇಶನ ಮುಖ ಇಳಿಯಿತು. ಮಳೆಗಾಲದಲ್ಲಿ ಬೆನ್ನಿನ ಮೇಲೆ ಚುಕ್ಕೆ ಇರುವ ನಕ್ಷತ್ರ ಆಮೆಯೊಂದು ಕಂಡಿತ್ತು. ಊರಿನವನೊಬ್ಬ ಅದರ ಚಿತ್ರವನ್ನು ಜಾಗದ ಗುರುತಿನ ಸಮೇತ ಹಾಕಿದ. ವಾರ ತಿರುಗುವುದರೊಳಗೆ ಗುರುತಿಲ್ಲದವರು ಬೈಕಿನಲ್ಲಿ ಬಂದರು, ಚೀಲ ಹೊತ್ತು ಹೋದರು. ಆಮೇಲೆ ಆ ಕಡೆ ಯಾರೂ ಚಿಕ್ಕಿ ಆಮೆ ಕಂಡಿಲ್ಲ. ಹೇಳಬೇಕಾದಲ್ಲಿ ಬಾಯಿ ಮುಚ್ಚಿಕೊಂಡು, ಮುಚ್ಚಬೇಕಾದಲ್ಲಿ ಬಾಯಿ ಬಿಟ್ಟ ಊರು ಅದು.

“ಅಂದ್ರ ಯಾರಿಗೂ ಹೇಳಬಾರದೇನು?” ಎಂದ ಭೀಮೇಶ್.

“ಹೇಳ್ಬೇಕು, ಯಾರಿಗೆ ಎಷ್ಟು ಅನ್ನೋದು ನೋಡಿ,” ಅಂದಳು ಸಮತಾ. “ಈ ಗುಡ್ಡದಾಗ ಅದು ಐತಿ ಅನ್ನೋದು ಎಲ್ಲರಿಗೂ ಗೊತ್ತಾಗ್ಲಿ. ಗವಿ ಎಲ್ಲೈತಿ ಅನ್ನೋದನ್ನ ಬ್ಯಾರೆ ಹಾಳಿಗೆ ಬರದು, ಗೌಪ್ಯ ಅಂತ ಗುರುತು ಮಾಡಿ ಸಮಿತಿಯಾಗ ಬೀಗ ಹಾಕಿ ಇಡ್ತೀವಿ. ನಿಮ್ಮ ಹಿರೇರ ಬೇರು, ಔಷಧಿನೂ ಹಂಗ. ನೀವು ಒಪ್ಪಿದಷ್ಟ ತೆರೀತೀವಿ. ಫೋಟೊ ತೆಗೆಯೋ ಮುಂಚೆ ಫೋನಿನಾಗ ಜಾಗ ತೋರ್ಸೋದನ್ನ ಬಂದ್ ಮಾಡು.”

ಹಿಂದೆ ಆಡುಗಳ ನಡುವೆ ನಿಂತಿದ್ದ ಗಾದಿಲಿಂಗಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಕೇಳಿಸಿಕೊಳ್ಳದವನಂತೆ ಒಂದು ಆಡಿಗೆ ಬೈದ.

ಗ್ರಾಮಸಭೆಯ ದಿನ ಪಂಚಾಯಿತಿಯ ಅಂಗಳ ತುಂಬಿತ್ತು. ಅಭಿವೃದ್ಧಿ ಅಧಿಕಾರಿ ಗಂಗಾಧರ್ ದಾವಣಗೆರೆ ಕಡೆಯವರು, ಊರಿಗೆ ಹೊಸಬರು. ಕ್ವಾರಿ ಪರವಾಗಿ ಇಸ್ತ್ರಿ ಅಂಗಿಯ ಒಬ್ಬಾತ ಮುಂದಿನ ಕುರ್ಚಿಯಲ್ಲಿ ಕೂತಿದ್ದ.

“ಗುಡ್ಡದಲ್ಲಿ ಏನಿದೆ ಅಂತ ಹೇಳೋರು ಹೇಳಿ,” ಅಂದರು ಗಂಗಾಧರ್.

ಹಿಂದಿನಿಂದ ಒಬ್ಬರು ಅಂದರು, “ಅಜ್ಜ ಅದಾನ್ರಿ ಸಾರ್.”

“ಯಾವ ಅಜ್ಜ?”

“ಕಂಬಳಿ ಅಜ್ಜ. ಹಗಲೆಲ್ಲಾ ಮಲಗ್ತಾನ, ಹೊತ್ತು ಮುಳುಗಿದ ಮ್ಯಾಲ ಹೊರಗ ಬರ್ತಾನ.”

ಗಂಗಾಧರ್‌ಗೆ ಕನಿಕರ ಬಂತು. “ಪಾಪ, ಒಬ್ಬರೇ ಇದ್ದಾರಾ? ಅವರಿಗೆ ವೃದ್ಧಾಪ್ಯ ವೇತನ ಬರ್ತಿದೆಯಾ?”

ಸಭೆ ನಕ್ಕಿತು. ಇಸ್ತ್ರಿ ಅಂಗಿಯವನೂ ನಕ್ಕ. “ನೋಡಿ ಸಾರ್, ಒಬ್ಬ ಅಜ್ಜನ ಬಿಟ್ರೆ ಏನಿಲ್ಲ ಅಂತ ಊರವರೇ ಹೇಳ್ತಿದಾರೆ. ಹಂಗೇ ಬರ್ಕೊಳ್ಳಿ.”

ನಗು ನಿಂತುಹೋಯಿತು. ಸಮತಾ ಮೇಜಿನ ಹತ್ತಿರ ಕೂತು ಕನಕಮ್ಮನ ಕಡೆಗೆ ನೋಡಿದಳು. ಅವಳ ಮುಂದಿನ ಹಾಳೆಯಲ್ಲಿ ಆ ಜಾಗ ಇನ್ನೂ ಖಾಲಿ ಇತ್ತು. ಹೊತ್ತು ಇಳಿಯುತ್ತಿತ್ತು. ಕನಕಮ್ಮನಿಗೆ ಅಣ್ಣನ ಕೆನ್ನೆ ನೆನಪಾಯಿತು, ಹೆಸರು ಹಿಡಿಯಬೇಡ ಎನ್ನುತ್ತಿದ್ದ ತನ್ನ ಅಜ್ಜಿಯ ಎಚ್ಚರಿಕೆ ನೆನಪಾಯಿತು. ಮತ್ತೆ ಇಸ್ತ್ರಿ ಅಂಗಿಯವನ ಬಾಯಲ್ಲಿ ಬಂದ ‘ಏನಿಲ್ಲ’ ಕಿವಿಯಲ್ಲೇ ನಿಂತಿತು. ಅದು ತನ್ನದೇ ಮಾತು. ಅವಳಿಗೆ ಸಿಟ್ಟು ಬಂತು, ಅವನ ಮೇಲೂ, ತನ್ನ ಮೇಲೂ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

“ಕರಡಿ,” ಅಂದಳು.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುತ್ತಾರಲ್ಲ, ಸಭೆ ಹಾಗೇ ಬೆಚ್ಚಿತು. ಹಿರಿಯ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು.

“ಕರಡಿ ಐತಿ ಸಾರ್. ಮರಿ ಸಮೇತ ಐತಿ. ನಾನು ಕಣ್ಣಾರೆ ನೋಡೀನಿ. ಹುತ್ತ ಒಡದೈತಿ, ಹೆಜ್ಜಿ ಐತಿ, ಫೋಟೊದಾಗ ಹೆಜ್ಜಿಯೊಳಗ ನನ್ನ ಕೈಯಾನ ಬಳಿ ಐತಿ. ಅದು ತಿಂದು ಹಿಕ್ಕಿ ಹಾಕಿದ ಬೀಜದಿಂದ ನನ್ನ ಸೀತಾಫಲ, ಬಾರಿ ಗಿಡ ಹುಟ್ಟತಾವ. ಹೋದ ವರ್ಷ ಏನಿಲ್ಲ ಅಂದಾಕಿ ನಾನ. ಅದು ತಪ್ಪು. ಅದನ್ನ ಹೊಡದು ಹಾಕಿ ಇದನ್ನ ಬರೀರಿ.”

ಅವಳು ಕೂರುವ ಮೊದಲೇ ಇನ್ನೊಂದು ದನಿ ಎದ್ದಿತು. ಗುಡ್ಡದ ಆಚೆಗೂ ಕೇಳುವ ದನಿ.

“ದೊಣಿ ಐತ್ರಿ ಸಾರ್,” ಅಂದ ಗಾದಿಲಿಂಗಪ್ಪ. “ಬ್ಯಾಸಿಗಿಯಾಗೂ ನೀರು ಬತ್ತಂಗಿಲ್ಲ. ನಮ್ಮ ಆಡೂ ಕುಡಿತಾವ, ಕರಡಿನೂ ಕುಡಿತತಿ. ಮೇವು ಏನೇನು ಐತಿ ಅಂತ ನಾನು ಹೇಳ್ತೀನಿ, ಬರ್ಕೋ ಸಮತಾ. ಒಂದು ಹಾಳಿ ಸಾಲಂಗಿಲ್ಲ.”

ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಬಂಡೆ ಸಂದಿಯ ಗೂಬೆ, ನವಿಲು, ಪೊರಕೆ ಹುಲ್ಲು, ಜ್ವರಕ್ಕೆ ಕೊಡುವ ಬೇರು. ಗಂಗಾಧರ್ ಕನ್ನಡಕ ಸರಿಮಾಡಿಕೊಂಡು, ಸ್ಥಳ ತಪಾಸಣೆ ಆಗುವ ತನಕ ಪಂಚಾಯಿತಿ ಒಪ್ಪಿಗೆ ಕೊಡುವುದಿಲ್ಲ ಎಂದು ಠರಾವು ಬರೆಸಿದರು. ಸಮತಾ ಖಾಲಿ ಜಾಗ ತುಂಬಿದಳು.

ಆ ರಾತ್ರಿ ಕರಡಿ ಊರಿಗೆ ಬರಲಿಲ್ಲ. ಕೆಲವು ದಿನಗಳಾದ ಮೇಲೆ ಬಂದವರು ತಪಾಸಣೆಯವರು. ದಾರಿ ತೋರಿಸಲು ಮುಂದೆ ನಡೆದವಳು ಕನಕಮ್ಮ. ಕೊನೆಯ ತೀರ್ಮಾನ ಇನ್ನೂ ಆಗಬೇಕಿದೆ. ಆದರೆ ಹಾಲಗುಂಡಿನ ಗುಡ್ಡದಲ್ಲಿ ಏನಿಲ್ಲ ಎಂದು ಇನ್ನು ಯಾರೂ ಕಾಗದ ತೋರಿಸಿ ಹೇಳಲಾರರು. ಗುಂಡಿನಹಟ್ಟಿ ಅದಕ್ಕೆ ಬಿಡುವುದಿಲ್ಲ.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರ ಹಿಂದೆಯೂ ಒಂದು ಗುಡ್ಡವೋ ಕೆರೆಯೋ ಹಳ್ಳವೋ ಇದೆ. ಈ ವಾರವೇ ಪಂಚಾಯಿತಿಗೆ ಹೋಗಿ, ಜೀವವೈವಿಧ್ಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ. ನಿಮ್ಮ ಊರಿನ ದಾಖಲಾತಿ ತೆಗೆಸಿ ಓದಿಸಿ. ತಪ್ಪಿದ್ದರೆ ತಿದ್ದಿಸಿ, ಬಿಟ್ಟುಹೋಗಿದ್ದರೆ ಸೇರಿಸಿ, ಹಿರಿಯರು ಇರುವಾಗಲೇ ಅವರು ಬಲ್ಲದ್ದನ್ನು ಕೇಳಿ ಬರೆಸಿ. ಗೂಡು, ಗವಿ, ಅಪರೂಪದ ಬೇರು ಇರುವ ಜಾಗವನ್ನು ಮೊಬೈಲಿನಲ್ಲಿ ಹಂಚಬೇಡಿ. ಸಮಿತಿಗೆ ಗುಟ್ಟಾಗಿ ಒಪ್ಪಿಸಿ.

ನಾಳೆ ಯಾರಾದರೂ ಬಂದು ನಿಮ್ಮ ಕಟ್ಟೆಯ ಮೇಲೆ ಕೂತು, ನಿಮ್ಮ ಗುಡ್ಡದಲ್ಲಿ ಏನಿದೆ ಎಂದು ದಾಖಲಾತಿಗಾಗಿ ಕೇಳಿದರೆ, ಅವರಿಗೆ ಕುಡಿಯಲು ನೀರು ಕೊಡಿ. ಆಮೇಲೆ, ಇರುವುದನ್ನು ಅದರ ಹೆಸರು ಹಿಡಿದೇ ಹೇಳಿ.