ಸೇವಂತಿಗೆ ತೋಟದ ಕಾಂತಕ್ಷೇತ್ರ

"ಇದೇನು ಚಿಕ್ಕಪ್ಪ?" ನವ್ಯಶ್ರೀ ಬದುವಿನ ಮೇಲೆಯೇ ನಿಂತುಬಿಟ್ಟಳು.

"ಬಲ್ಬು," ಎಂದ ಮುನಿಕೃಷ್ಣ.

ಸುಳ್ಳೇನಲ್ಲ. ಸೇವಂತಿಗೆ ಸಾಲುಗಳ ಮೇಲೆ ಗೂಟದಿಂದ ಗೂಟಕ್ಕೆ ವೈರು ಎಳೆದು, ಮದುವೆ ಚಪ್ಪರಕ್ಕೆ ಕಟ್ಟಿದಂತೆ ಬಲ್ಬುಗಳನ್ನು ನೇತುಹಾಕಿದ್ದ. ಭಾನುವಾರದ ಮಟಮಟ ಮಧ್ಯಾಹ್ನ, ಒಂದೂ ಉರಿಯುತ್ತಿರಲಿಲ್ಲ. ಆದರೂ ನವ್ಯಶ್ರೀಗೆ ಕಣ್ಣು ಕೋರೈಸಿದಂತಾಯಿತು. ತೋಟದಿಂದ ಕೂಗಳತೆಯಲ್ಲಿ ಅವರ ಮನೆ. ಮನೆಯ ತಾರಸಿಯ ಮೇಲೆ ತಗಡಿನ ಗೂಡು. ಗೂಡಿನೊಳಗೆ ಅವಳ ದೂರದರ್ಶಕ.

"ಯಾವಾಗ ಹಾಕಿದ್ದು?"

"ದೀಪಾವಳಿ ಆದ್ಮೇಲೆ. ಚಳಿಗಾಲ್ದಾಗೆ ರಾತ್ರಿ ಉದ್ದ ನೋಡು, ಸೇವಂತಿಗೆ ಬೇಗ ಮೊಗ್ಗು ಕಟ್ಬುಡ್ತದೆ. ಬೆಳಕು ಕೊಟ್ರೆ ಇನ್ನೂ ಹೊತ್ತು ಮುಳುಗಿಲ್ಲ ಅಂದ್ಕೊಂಡು ಸುಮ್ಕಿರ್ತದೆ. ಯುಗಾದಿಗೆ ಸರ್ಯಾಗಿ ಹೂ ಬರ್ಬೇಕಲ್ಲವ್ವಾ." ಗಿಡಕ್ಕೇ ಟೋಪಿ ಹಾಕಿದ ಖುಷಿಯಲ್ಲಿ ಅವನು ಮೀಸೆ ಸವರಿಕೊಂಡ. "ನಿಂದು ನಕ್ಷತ್ರ, ನಂದು ಹೂವು. ಇಬ್ರದೂ ಬೆಳಕಿನ್ ಕಸುಬೇ."

ನವ್ಯಶ್ರೀಯ ಅಳತೆಗಳು ಶುರುವಾಗಿದ್ದೂ ದೀಪಾವಳಿ ಆದ ಮೇಲೆಯೇ. ಅವಳು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು; ಹಬ್ಬ ಮುಗಿಸಿ ಹೋದವಳು ಮತ್ತೆ ಊರಿಗೆ ಬಂದದ್ದು ಇವತ್ತೇ. ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಲ್ಯಾಪ್‌ಟಾಪಿನಿಂದಲೇ ದೂರದರ್ಶಕ ತಿರುಗಿಸುತ್ತಿದ್ದಳು. ಸಂಜೆ ಗೂಡಿನ ತಗಡು ಸರಿಸುವುದು, ಬೆಳಿಗ್ಗೆ ಮುಚ್ಚುವುದು ಮುನಿಕೃಷ್ಣನ ಪಾಲು. ಬಾಶೆಟ್ಟಿಹಳ್ಳಿಯಲ್ಲಿ ಫ್ಯಾಕ್ಟರಿ ಗೇಟು ಮಾಡುವವನನ್ನು ಕಾಡಿಬೇಡಿ ಆ ತಗಡಿಗೆ ಗಾಲಿ ಹಾಕಿಸಿದವನೂ ಅವನೇ. ಅದು ಸರಿಯುವ ಸದ್ದಿಗೆ ಊರಿನವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಅವಳ ನಕ್ಷತ್ರ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಅದು ಉಸಿರಾಡುವ ಜಾತಿ. ಉಬ್ಬುತ್ತದೆ, ಕುಗ್ಗುತ್ತದೆ, ದಿನಕ್ಕೆರಡು ಸಲ ಬೆಳಗಿ ಮಂಕಾಗುತ್ತದೆ. ಈ ಜಾತಿಯ ಕೆಲವು ನಕ್ಷತ್ರಗಳಲ್ಲಿ ಬೆಳಗುವ ಜೋರೇ ವಾರಗಟ್ಟಲೆ ಏರಿ, ಆಮೇಲೆ ವಾರಗಟ್ಟಲೆ ಇಳಿಯುತ್ತದೆ. ಏಕೆಂಬ ಜಗಳಕ್ಕೆ ನೂರು ವರ್ಷವಾಗಿದೆ. ನಕ್ಷತ್ರದ ಒಡಲಿನ ಕಾಂತಕ್ಷೇತ್ರವೇ ಹೀಗೆ ಆಡಿಸುತ್ತದೆ ಎನ್ನುವವರ ಪಕ್ಷ ಈಚೆಗೆ ಠೇವಣಿ ಕಳೆದುಕೊಳ್ಳುವ ಸ್ಥಿತಿಗೆ ಬಂದಿತ್ತು. ಅವಳ ಗೈಡ್ ಹರಿಪ್ರಸಾದ್ ಆ ಪಕ್ಷದ ನಿಷ್ಠಾವಂತ ಕಾರ್ಯಕರ್ತರು. ಇದರಲ್ಲಿ ಅಂಥ ಏರಿಳಿತವೇ ಇಲ್ಲವೆಂದು ಎಲ್ಲರೂ ಕೈಬಿಟ್ಟಿದ್ದ ನಕ್ಷತ್ರದಲ್ಲೇ ಅವಳು ಒಂದು ವಾರ ಏರು, ಒಂದು ವಾರ ಇಳಿತ ತೋರಿಸಿದಾಗ ಅವರು ಕುರ್ಚಿಯಿಂದ ಎದ್ದೇ ನಿಂತಿದ್ದರು. "ಅಳತೆಯಿಂದ ಚಂದ್ರನ ಬೆಳಕು ಕಳೆದಿದ್ದೀಯೇನಮ್ಮಾ?" ಎಂದು ಕೇಳಿದ್ದರು. ಕಳೆದಿದ್ದಳು. ಗುರುವಾರ ದೊಡ್ಡ ಸಮ್ಮೇಳನದಲ್ಲಿ ಅವಳ ಭಾಷಣ ನಿಗದಿಯಾಗಿತ್ತು.

ಊರ ಬಾಗಿಲಲ್ಲಿ ಆಗಲೇ ಫ್ಲೆಕ್ಸ್ ಎದ್ದಿತ್ತು: "ನಕ್ಷತ್ರದ ಗುಟ್ಟು ರಟ್ಟು ಮಾಡಿದ ನಮ್ಮೂರ ಹೆಮ್ಮೆಯ ಪುತ್ರಿ." ಪುತ್ರಿ ಪಾಸ್‌ಪೋರ್ಟ್ ಅಳತೆಯಲ್ಲಿದ್ದಳು. ಶುಭ ಕೋರುವ ಚಿಕ್ಕಪ್ಪ, ಪಂಚಾಯಿತಿಯ ಮಾಜಿ ಸದಸ್ಯ, ಕೈಮುಗಿದುಕೊಂಡು ಆಳೆತ್ತರ ನಿಂತಿದ್ದ.

"ದಿನಾ ರಾತ್ರಿ ಅಷ್ಟೂ ಬಲ್ಬು ಉರಿಸ್ತೀಯಾ?"

ಮುನಿಕೃಷ್ಣ ಅತ್ತಿತ್ತ ನೋಡಿದ. "ಅದು ತ್ರೀ ಫೇಸ್ ಹೆಂಗ್ ಬರ್ತದೋ ಹಂಗೆ."

ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುತ್ತಿತ್ತು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಆ ಲೈನಿಗೆ ಮೀಟರಿಲ್ಲ. ಹಗಲು ಸರದಿಯ ವಾರದಲ್ಲಿ ಮುನಿಕೃಷ್ಣ ರಾತ್ರಿ ಮನೆಯ ಲೈನಿನಿಂದ, ಮೀಟರಿಗೆ ಹೆದರಿ, ಸಾಲಿಗೊಂದು ಬಲ್ಬು ಹಚ್ಚುತ್ತಿದ್ದ. ರಾತ್ರಿ ಸರದಿ ಬಂದರೆ ವೈರನ್ನು ಪಂಪಿನ ಲೈನಿಗೇ ಸಿಕ್ಕಿಸುತ್ತಿದ್ದ. ತೋಟಕ್ಕೆ ತೋಟವೇ ಝಗಮಗ.

ಒಂದು ವಾರ ಏರು, ಒಂದು ವಾರ ಇಳಿತ. ಮಂಜಿನಲ್ಲಿ ಹಬ್ಬಿದ ಬೆಳಕು ದೂರದರ್ಶಕದೊಳಗೆ ಇಣುಕಿ, ಸಾರಿಗೆ ನೀರು ಹೊಯ್ದಂತೆ ನಕ್ಷತ್ರದ ಆಟವನ್ನು ಸಪ್ಪೆ ಮಾಡುತ್ತಿತ್ತು. ಅವಳು ಆಕಾಶದಲ್ಲಿ ಹುಡುಕುತ್ತಿದ್ದ ಕ್ಷೇತ್ರ ಸರ್ವೆ ನಂಬರಿನ ಸಮೇತ ಇಲ್ಲೇ ಬಿದ್ದಿತ್ತು. ನವ್ಯಶ್ರೀ ಚಂದ್ರನನ್ನು ಕಳೆದಿದ್ದಳು. ಚಿಕ್ಕಪ್ಪನನ್ನು ಕಳೆದಿರಲಿಲ್ಲ.

ಅವಳು ಬದುವಿನ ಮೇಲೆ ಕುಕ್ಕರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುನಿಕೃಷ್ಣನ ಮುಖ ಮೊದಲು ಅರಳಿತು.

"ಅಂದ್ರೆ ನನ್ ಬಲ್ಬು ನಕ್ಷತ್ರನೇ ಆಡಿಸ್ಬುಡ್ತಾ?"

"ನಕ್ಷತ್ರನಲ್ಲ ಚಿಕ್ಕಪ್ಪ. ನನ್ನ."

"ಇದ್ನೆಲ್ಲ ಬರೀತೀಯಾ ಈಗ?"

"ತಪ್ಪು ಹೆಂಗಾಯ್ತು ಅಂತ ಬರೀಲೇಬೇಕಲ್ಲ."

ಅರಳಿದ ಮುಖ ಮುದುಡಿತು. ಅವನು ಎದ್ದು ಹೊಟ್ಟೆ ಮುಂದೆ ಮಾಡಿ, ಮೂಗಿನಿಂದ ಮಾತು ಹೊರಡಿಸುತ್ತ, ಕರೆಂಟು ಕಳ್ಳರನ್ನು ಹಿಡಿಯುವ ಸ್ಕ್ವಾಡಿನ ಅಧಿಕಾರಿಯಾದ. "ಮುನಿಕೃಷ್ಣ ಅಂದ್ರೆ ಯಾರ್ರೀ? ನಿಮ್ ಹುಡ್ಗಿ ಇಂಗ್ಲಿಷ್ನಲ್ಲಿ ಬರ್ದಿದಾಳೆ ಕಣ್ರೀ, ಪಂಪ್ ಲೈನಲ್ಲಿ ಬಲ್ಬು ಹಾಕಿದೀರಂತೆ. ಫಾರಿನ್ನೋರೇ ಓದ್ಬಿಟ್ಟಿದಾರೆ. ನಾವು ಓದಿಲ್ಲ ಅಂದ್ರೆ ಮರ್ಯಾದೆ ಉಳಿಯುತ್ತೇನ್ರೀ?"

ಅಳು ಬರುವಂತಿದ್ದರೂ ನವ್ಯಶ್ರೀಗೆ ನಗು ಬಂತು.

"ನಗ್ಬೇಡ ಕಣವ್ವಾ. ಆ ಮ್ಯಾಗ್ನೆಟ್ಟೇ ಅಂತ ಇರ್ಲಿ ಬುಡು. ಮ್ಯಾಗ್ನೆಟ್ ಮೇಲೆ ಯಾರೂ ಕೇಸ್ ಹಾಕಲ್ಲ."

ಅವಳು ಫೋನು ತೆಗೆದು ಗೈಡಿಗೆ ಹಚ್ಚಿದಳು. ಮುನಿಕೃಷ್ಣ ಕಿವಿ ತಂದು ಫೋನಿಗೆ ಅಂಟಿಸಿದ.

"ಸರ್, ನಮ್ ಚಿಕ್ಕಪ್ಪ ಸೇವಂತಿಗೆ ಬೆಳೀತಾರೆ."

"ಸಂತೋಷ," ಎಂದರು ಹರಿಪ್ರಸಾದ್. ಆಮೇಲೆ ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ಕೊನೆಗೆ, "ಎಷ್ಟು ವಾಟ್?" ಎಂದರು.

"ಒಂಬತ್ತು," ಎಂದು ಮುನಿಕೃಷ್ಣ ಪಿಸುಗುಟ್ಟಿದ.

"ಪೂರ್ತಿ ಅವರ ಬಲ್ಬಿಂದೇ ಅಂತ ಹೇಗೆ ಹೇಳ್ತೀಯಮ್ಮಾ? ಸ್ವಲ್ಪ ನಕ್ಷತ್ರದ್ದೂ ಇರಬಹುದಲ್ಲ?" ದನಿ ಕೇಳಿದರೆ ಚಿಲ್ಲರೆ ವಾಪಸು ಕೇಳುವವರಂತಿತ್ತು.

"ಇರ್ಬಹುದು ಸರ್. ಬಲ್ಬು ಪೂರ್ತಿ ಆರಿಸಿ ಒಂದು ತಿಂಗ್ಳು ನೋಡಿದ್ರೆ ಗೊತ್ತಾಗುತ್ತೆ."

"ಆರಿಸ್ತಾರಾ?"

ನವ್ಯಶ್ರೀ ಚಿಕ್ಕಪ್ಪನನ್ನು ನೋಡಿದಳು. ಅವನು ಗಿಡಗಳನ್ನು ನೋಡುತ್ತಿದ್ದ. "ಅದು ಯುಗಾದಿ ಹೂವು ಸರ್. ಕೇಳಕ್ಕಾಗಲ್ಲ. ಗುರುವಾರದ ಲಿಸ್ಟಿಂದ ನನ್ ಹೆಸರು ತೆಗೆಸಿಬಿಡಿ," ಎಂದು ಫೋನು ಇಟ್ಟಳು.

"ಮರೆ ಕಟ್ಟಿದ್ರೆ ಆಗಲ್ವಾ? ತಟ್ಟಿ ಗಿಟ್ಟಿ?"

"ಬೆಳಕು ಮಂಜಿನ ಮೇಲೆ ಏರಿ ಬರುತ್ತೆ ಚಿಕ್ಕಪ್ಪ. ತಟ್ಟಿಗೆ ನಿಲ್ಲಲ್ಲ. ಹೋಗ್ಲಿ ಬಿಡು, ಫ್ಲೆಕ್ಸ್ ಇಳಿಸು. ನಿನ್ ವಿಷ್ಯ ಎಲ್ಲೂ ಬರಲ್ಲ, ಬರಿಯಕ್ಕೇ ಏನೂ ಉಳಿದಿಲ್ಲ."

ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಪಾಪಕ್ಕ, ಮುನಿಕೃಷ್ಣನ ತಾಯಿ, ಕುಡುಗೋಲು ಹಿಡಿದೇ ಎದ್ದಳು.

"ಆರ್ಸಕ್ಕೇನ್ಲಾ ಬಂದದೆ ನಿಂಗೆ?"

"ಈಗ ಆರ್ಸಿದ್ರೆ ಶಿವರಾತ್ರಿ ಆಗ್ತಿದ್ದಂಗೇ ಹೂ ಬಂದ್ಬುಡ್ತದವ್ವಾ. ಆಗ ಮಾರ್ಕೆಟ್ನಾಗೆ ಮೂಸಿ ನೋಡೋರೂ ಇರಲ್ಲ."

"ಅಂಗೇ ಬರ್ಲಿ. ದೀಪಾವಳಿಯಿಂದ ನನ್ ಹುಂಜ ಕೆಟ್ಟೋಗದೆ. ಒಂದ್ವಾರ ಹೊತ್ತಿಗ್ ಸರ್ಯಾಗ್ ಕೂಗ್ತದೆ, ಇನ್ನೊಂದ್ವಾರ ಸರೊತ್ನಾಗೇ ಎದ್ದು ಪ್ರಾಣ ತಿಂತದೆ. ಗಾಳಿ ಮೆಟ್ಕೊಂಡದೆ ಅಂತ ತಾಯಿತ ಬೇರೆ ಕಟ್ಸಿವ್ನಿ."

ನವ್ಯಶ್ರೀ ಅಜ್ಜಿಯ ಮುಖವನ್ನೇ ನೋಡಿದಳು. ಮುನಿಕೃಷ್ಣ ಮಾತ್ರ ಯಾರನ್ನೂ ನೋಡಲಿಲ್ಲ. ಒಂದು ಗಿಡದ ತುದಿ ಹಿಡಿದು ಎಲೆಗಳ ನಡುವೆ ಬಿಡಿಸಿ ನೋಡಿದ. ಇನ್ನೂ ಮೊಗ್ಗಿನ ಸುಳಿವಿರಲಿಲ್ಲ. ಟೋಪಿ ಚೆನ್ನಾಗಿಯೇ ಕೂತಿತ್ತು.

"ಆರ್ಸಿದ್ಮೇಲೂ ನಿನ್ ನಕ್ಷತ್ರ ಹಂಗೇ ಏರಿಳೀತು ಅಂದ್ರೆ?"

"ಅದು ಅದರದ್ದೇ ಆಟ. ಫ್ಲೆಕ್ಸ್ ಇರ್ಲಿ."

"ಇಲ್ಲ ಅಂದ್ರೆ?"

"ಇಲ್ಲ ಅಂತ ಬರೀತೀನಿ. ಪಕ್ಕದ ತೋಟದ ಬೆಳಕು ಅಂತ. ಅಷ್ಟೊತ್ತಿಗೆ ಪಂಪ್ ಲೈನಲ್ಲಿ ಪಂಪ್ ಬಿಟ್ರೆ ಏನೂ ಇರಲ್ಲ ಅಲ್ವಾ?"

"ನೀನೇ ಸ್ಕ್ವಾಡು ಕಣಮ್ಮಿ," ಎಂದ ಮುನಿಕೃಷ್ಣ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ತೋಟದ ಆ ತುದಿಯ ಗೂಟದವರೆಗೂ ನಡೆದುಹೋದ. ರಾತ್ರಿ ಸರದಿಯ ವಾರ ಶುರುವಾಗುವುದು ಅಂದೇ.

ಆಮೇಲೆ ಕೈಯೆತ್ತಿ ಮೊದಲ ಬಲ್ಬು ತಿರುಗಿಸಿದ. ಟವೆಲಿನಲ್ಲಿ ಒರೆಸಿದ. ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಪಾಪಕ್ಕ ಹೂವಿನ ಮಂಕರಿ ತಂದು, ಅದರ ತಳಕ್ಕೆ ತನ್ನ ಹಳೇ ಸೀರೆ ಹಾಸಿದಳು. ಮೊಟ್ಟೆ ಇಡುವಂತೆ ಅವನು ಒಂದೊಂದಾಗಿ ಇಡುತ್ತ ಬಂದ. ನವ್ಯಶ್ರೀ ಈ ತುದಿಯಿಂದ ಬಿಚ್ಚುತ್ತ ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಪಾಪಕ್ಕ ಮಂಕರಿಯನ್ನು ತಲೆಯ ಮೇಲೆ ಹೊತ್ತು ಮನೆಯತ್ತ ಹೊರಟಳು. ಹೆಜ್ಜೆಗೊಮ್ಮೆ ಬಲ್ಬುಗಳು ಒಳಗೇ ಒಂದಕ್ಕೊಂದು ತಾಗಿ ಸಣ್ಣಗೆ ಟಕಟಕ ಎನ್ನುತ್ತಿದ್ದವು. ಹಿಂದೆ ಮುನಿಕೃಷ್ಣ, ಬದು ಕಿರಿದಾದಲ್ಲೆಲ್ಲ ಮಂಕರಿಯತ್ತ ಎರಡೂ ಕೈ ಚಾಚಿಕೊಂಡು ನಡೆಯುತ್ತಿದ್ದ.